ರಿಪೋರ್ಟಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ’ ಅಂತ ಬಂದಿದೆ. ಇದನ್ನು ಅಳೆಯುವುದು ಹೇಗೆ, ಎಷ್ಟು ನಂಬಬಹುದು?

ತಂಗಾಳಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಹತ್ತು ವರ್ಷದಿಂದ ಟೈಪ್ 2 ಡಯಾಬಿಟಿಸ್ ಇದೆ. ಈ ಸಲ ರಕ್ತ ಪರೀಕ್ಷೆಗೆ ಹೋದಾಗ ಲ್ಯಾಬಿನವರು ‘ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾನೆಲ್’ ಅಂತ ಇನ್ನೊಂದು ಪರೀಕ್ಷೆ ಸೇರಿಸಿದರು. ಅದರಲ್ಲಿ ಇರುವುದು ಎರಡೇ ಸಾಲು. ಎಂಡಿಎ ಜಾಸ್ತಿ. ಟೋಟಲ್ ಆಂಟಿಆಕ್ಸಿಡೆಂಟ್ ಕೆಪಾಸಿಟಿಯೂ ಜಾಸ್ತಿ. ಮೊದಲನೆಯದು ಹಾನಿಯ ಗುರುತಂತೆ, ಎರಡನೆಯದು ರಕ್ಷಣೆಯ ಗುರುತಂತೆ. ಎರಡೂ ಒಟ್ಟಿಗೆ ಜಾಸ್ತಿ ಬಂದರೆ ಏನು ಅರ್ಥ ಮಾಡಿಕೊಳ್ಳಬೇಕು?

ಆ ಕೆಂಪು ಬಾಣದ ಗುರುತು ನೋಡಿದ ದಿನದಿಂದ ಅಕ್ಕನಿಗೆ ಸರಿಯಾಗಿ ನಿದ್ದೆ ಇಲ್ಲ. ವಿಟಮಿನ್ ಇ ಮಾತ್ರೆ ಶುರು ಮಾಡಿಬಿಡಲಾ ಅಂತ ದಿನಾ ಕೇಳುತ್ತಾಳೆ. ನಾನು ವಿಜ್ಞಾನ ಓದಿದವಳಲ್ಲ. ಆದರೆ ವಿಷಯ ತಿಳಿಯದೆ ಸುಮ್ನೆ ಹೂಂ ಅನ್ನುವುದಕ್ಕೆ ಮನಸ್ಸು ಬರುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಎಲೆಮರೆ

ತಂಗಾಳಿ ಅವರೇ, ನಾನು ಹದಿನೈದು ವರ್ಷ ಇದೇ ಅಳತೆಗಳ ಲ್ಯಾಬಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಅಕ್ಕನಿಗೆ ಧೈರ್ಯ ಹೇಳಿ. ಆ ಎರಡು ಸಾಲು ನಂಬಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಯಾಕೆ ಅಂತ ಹೇಳುತ್ತೇನೆ.

‘ಆಕ್ಸಿಡೇಟಿವ್ ಸ್ಟ್ರೆಸ್’ ಅನ್ನುವ ಮಾತಿಗೆ ಈಗಿನ ಅರ್ಥ ಕೊಟ್ಟವರು ಜರ್ಮನಿಯ ಹೆಲ್ಮುಟ್ ಸೀಸ್, 1985ರಲ್ಲಿ. ದೇಹದಲ್ಲಿ ಆಕ್ಸಿಡೀಕರಣ ಮಾಡುವ ವಸ್ತುಗಳಿವೆ, ಅದನ್ನು ತಡೆಯುವ ವಸ್ತುಗಳೂ ಇವೆ. ತೂಕ ಮೊದಲನೆಯದರ ಕಡೆ ವಾಲಿ ಹಾನಿಯಾಗುವ ಹಾಗಾದರೆ ಅದು ಆಕ್ಸಿಡೇಟಿವ್ ಸ್ಟ್ರೆಸ್. ಕೇಳಿದರೆ ದೇಹಕ್ಕೆಲ್ಲ ಒಂದೇ ತಕ್ಕಡಿ ಇದೆ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದೊಳಗೆ ಒಂದು ತಕ್ಕಡಿ, ರಕ್ತದ ಪ್ಲಾಸ್ಮಾದಲ್ಲಿ ಬೇರೆಯದು, ಕೆಂಪು ರಕ್ತಕಣದಲ್ಲಿ ಮತ್ತೊಂದು. ತೋಳಿನ ರಕ್ತ ತೆಗೆದು ನೋಡಿದರೆ ಕಣ್ಣಿನ ರೆಟಿನಾದಲ್ಲಿ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ತೊಡಕು. ಹಾನಿ ಮಾಡುವ ರಾಡಿಕಲ್‌ಗಳನ್ನು, ಅಂದರೆ ಸಿಕ್ಕಿದ್ದರ ಜೊತೆ ಥಟ್ಟನೆ ಪ್ರತಿಕ್ರಿಯಿಸುವ ಅಣುಗಳನ್ನು, ರೋಗಿಯ ದೇಹದಲ್ಲಿ ನೇರವಾಗಿ ಹಿಡಿಯುವುದು ಆಗದ ಮಾತು. ಹೈಡ್ರಾಕ್ಸಿಲ್ ರಾಡಿಕಲ್ ಬದುಕುವುದು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತು. ಸೂಜಿ ಚುಚ್ಚುವ ಹೊತ್ತಿಗೆ ಅದು ಹುಟ್ಟಿ ಸತ್ತಿರುತ್ತದೆ. ಹಾಗಾಗಿ ನಾವು ನೋಡುವುದು ಅದು ಬಿಟ್ಟುಹೋದ ಗುರುತನ್ನು ಮಾತ್ರ. ಕೊಬ್ಬು, ಪ್ರೋಟೀನು, ಡಿಎನ್‌ಎ ಮೇಲೆ ಆದ ಬದಲಾವಣೆಯನ್ನು. ಇವಕ್ಕೇ ಬಯೋಮಾರ್ಕರ್ ಅನ್ನುತ್ತೇವೆ.

ಗಾಳಿ ಬೀಸಿ ಹೋದ ಮೇಲೆ ಅಂಗಳದಲ್ಲಿ ಬಿದ್ದ ಎಲೆ ಎಣಿಸಿ ಗಾಳಿ ಎಷ್ಟಿತ್ತು ಅಂತ ಹೇಳಿದ ಹಾಗೆ ಇದು. ಎಲೆ ಜಾಸ್ತಿ ಬಿದ್ದಿದ್ದರೆ ಗಾಳಿ ಜೋರಾಗಿತ್ತು ಅನ್ನಬಹುದು. ಇಲ್ಲವೇ ಮರದಲ್ಲಿ ಒಣಗಿದ ಎಲೆ ತುಂಬಾ ಇದ್ದಿರಬಹುದು. ಇಲ್ಲವೇ ಎರಡು ದಿನದಿಂದ ಅಂಗಳ ಗುಡಿಸಿರಲಿಕ್ಕಿಲ್ಲ. ದೇಹದಲ್ಲಿ ಗುಡಿಸುವ ಕೆಲಸ ಮಾಡುವುದು ರಿಪೇರಿ ಕಿಣ್ವಗಳು, ಲಿವರ್, ಕಿಡ್ನಿ. ಕಿಡ್ನಿ ನಿಧಾನವಾದರೂ ಎಲೆಯ ರಾಶಿ ಬೆಳೆಯುತ್ತದೆ, ಗಾಳಿ ಜಾಸ್ತಿ ಆಗಿರಬೇಕಾಗಿಲ್ಲ.

ಅದಕ್ಕೇ ಕೇಳುತ್ತೇನೆ: ಎಂಡಿಎಯನ್ನು ಯಾವ ವಿಧಾನದಲ್ಲಿ ಅಳೆದರು ಅಂತ ರಿಪೋರ್ಟಲ್ಲಿ ಇದೆಯಾ? ಸ್ಯಾಂಪಲ್ ಬಗ್ಗೆ ಏನಾದರೂ ಷರಾ ಇದೆಯಾ?

ಮುಂಗಾರು

ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಎಂಡಿಎ ಅಂದರೆ ಮ್ಯಾಲೊನ್‌ಡೈಆಲ್ಡಿಹೈಡ್. ಕೊಬ್ಬಿನ ಆಮ್ಲಗಳು ಆಕ್ಸಿಡೀಕರಣಗೊಂಡು ಮುರಿದಾಗ ಹುಟ್ಟುವ ಚಿಕ್ಕ ಅಣು. ಸಾಮಾನ್ಯವಾಗಿ ಟಿಬಾರ್ಸ್ ವಿಧಾನದಲ್ಲಿ ನೋಡುತ್ತಾರೆ. ಸೀರಮ್‌ಗೆ ಥಯೋಬಾರ್ಬಿಟ್ಯೂರಿಕ್ ಆಸಿಡ್ ಹಾಕಿ, ಆಮ್ಲದಲ್ಲಿ ಬಿಸಿ ಮಾಡಿದರೆ ಗುಲಾಬಿ ಬಣ್ಣ ಬರುತ್ತದೆ. ಅದನ್ನು 532 ನ್ಯಾನೋಮೀಟರ್‌ನಲ್ಲಿ ಓದುತ್ತಾರೆ. ಸುಲಭ, ಬೇಗ ಆಗುತ್ತದೆ.

ನನ್ನ ಅನುಭವ ಹೇಳಿಬಿಡುತ್ತೇನೆ. ಮೊದಲ ವರ್ಷ ಒಂದು ಕಿಟ್ ತರಿಸಿ ಒಂದೇ ಸೀರಮ್ಮನ್ನು ಮೂರು ದಿನ ಓದಿದೆ. ಮೂರು ದಿನವೂ ಬೇರೆ ಬೇರೆ ಸಂಖ್ಯೆ. ಬಿಸಿ ಮಾಡುವ ಸಮಯ ಐದು ನಿಮಿಷ ಹೆಚ್ಚಾದರೆ ಬಣ್ಣ ಏರುತ್ತಿತ್ತು. ಕಿಟ್ ಮಾರಿದವರು ಅದು ಸಹಜ ಅಂದರು. ಆರು ತಿಂಗಳ ಕೆಲಸ ಕೈಬಿಡಬೇಕಾಯಿತು. ಇವತ್ತಿಗೂ ನೆನೆದರೆ ಬೇಸರವಾಗುತ್ತದೆ.

ಎಲೆಮರೆ

ಮುಂಗಾರು, ತಪ್ಪು ನಿಮ್ಮ ಕೈಯದಲ್ಲ, ವಿಧಾನದ್ದೇ. ಟಿಬಾರ್ಸ್‌ನ ಗುಲಾಬಿ ಬಣ್ಣಕ್ಕೆ ಎಂಡಿಎ ಒಂದೇ ಕಾರಣವಲ್ಲ. ಸಿಯಾಲಿಕ್ ಆಸಿಡ್, ಕೆಲವು ಸಕ್ಕರೆಗಳು, ಬೇರೆ ಆಲ್ಡಿಹೈಡ್‌ಗಳು ಆ ಆಮ್ಲದ ಜೊತೆ ಸೇರಿ ಬಣ್ಣ ಕೊಡುತ್ತವೆ. ಬಿಲಿರುಬಿನ್ ಓದುವಿಕೆಯಲ್ಲಿ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆಮ್ಲದಲ್ಲಿ ಕುದಿಸುವಾಗಲೇ ಟ್ಯೂಬಿನೊಳಗಿನ ಕೊಬ್ಬು ಆಕ್ಸಿಡೀಕರಣಗೊಂಡು ಹೊಸ ಎಂಡಿಎ ಹುಟ್ಟುತ್ತದೆ. ಅಂದರೆ ರೋಗಿಯ ದೇಹದಲ್ಲಿ ಆದದ್ದರ ಜೊತೆಗೆ ನಮ್ಮ ಟ್ಯೂಬಿನಲ್ಲಿ ಆದದ್ದನ್ನೂ ಅಳೆಯುತ್ತೇವೆ. ಬಿಎಚ್‌ಟಿಯಂತಹ ತಡೆ ವಸ್ತು ಹಾಕಿ, ಅಣುಗಳನ್ನು ಬೇರೆ ಬೇರೆ ಮಾಡುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬೇರ್ಪಡಿಸಿದರೆ ಎಷ್ಟೋ ಸುಧಾರಿಸುತ್ತದೆ. ಅಣುವನ್ನು ಅದರ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆದರೆ ಇನ್ನೂ ಒಳ್ಳೆಯದು.

ರೋಗಿಯ ಒಂದು ರಿಪೋರ್ಟಲ್ಲಿ ಬರೀ ಟಿಬಾರ್ಸ್ ಸಂಖ್ಯೆ ಹಾಕಿ ‘ಜಾಸ್ತಿ’ ಅಂತ ಬಾಣ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಗುಂಪುಗಳನ್ನು ಹೋಲಿಸುವ ಸಂಶೋಧನೆಗೆ, ಎಲ್ಲ ಸ್ಯಾಂಪಲ್ ಒಂದೇ ದಿನ ಒಂದೇ ರೀತಿ ಮಾಡಿದರೆ, ಏನೋ ಒಂದಿಷ್ಟು ಹೇಳಬಹುದು. ಒಬ್ಬ ವ್ಯಕ್ತಿಗೆ ಹೇಳಲು ಆಗುವುದಿಲ್ಲ.

ಹೊಂಗಿರಣ

ನಾನು ವೈದ್ಯೆ. ಎರಡನೇ ಸಾಲಿನ ಬಗ್ಗೆ ಹೇಳುತ್ತೇನೆ. ತಂಗಾಳಿ ಅವರೇ, ಅದೇ ದಿನದ ಯೂರಿಕ್ ಆಸಿಡ್ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಅಳತೆ) ಎಷ್ಟಿದೆ ನೋಡಿ ಹೇಳುತ್ತೀರಾ?

ತಂಗಾಳಿ

ನೋಡಿದೆ. ಯೂರಿಕ್ ಆಸಿಡ್ 8.1, ಜಾಸ್ತಿ ಅಂತ ಗುರುತಿದೆ. ಕ್ರಿಯಾಟಿನಿನ್ ಕೂಡ ಮಿತಿಗಿಂತ ಸ್ವಲ್ಪ ಮೇಲಿದೆ. ಎಲೆಮರೆ ಅವರು ಕೇಳಿದ ಷರಾ ಕೆಳಗೆ ಚಿಕ್ಕ ಅಕ್ಷರದಲ್ಲಿದೆ: ‘ಸ್ಯಾಂಪಲ್ ಸ್ವಲ್ಪ ಹೀಮೊಲೈಸ್ ಆಗಿದೆ’. ವಿಧಾನದ ಹೆಸರು ಎಲ್ಲೂ ಇಲ್ಲ.

ಹೊಂಗಿರಣ

ನನ್ನ ಊಹೆ ಸರಿಯಿತ್ತು. ಟೋಟಲ್ ಆಂಟಿಆಕ್ಸಿಡೆಂಟ್ ಕೆಪಾಸಿಟಿ ಅನ್ನುವುದು ಹೆಸರು ಕೇಳಿದಷ್ಟು ‘ಟೋಟಲ್’ ಅಲ್ಲ. ಫ್ರ್ಯಾಪ್ ಅನ್ನುವ ಹೆಸರಾಂತ ವಿಧಾನ ತೆಗೆದುಕೊಳ್ಳಿ. ಬೆಂಜಿ ಮತ್ತು ಸ್ಟ್ರೇನ್ 1996ರಲ್ಲಿ ಕೊಟ್ಟದ್ದು. ಪ್ಲಾಸ್ಮಾ ಎಷ್ಟು ಕಬ್ಬಿಣವನ್ನು ಫೆರಿಕ್ ಸ್ಥಿತಿಯಿಂದ ಫೆರಸ್‌ಗೆ ಇಳಿಸುತ್ತದೆ ಅಂತ ನೋಡುವ ಪರೀಕ್ಷೆ. ಆ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಯೂರಿಕ್ ಆಸಿಡ್‌ನಿಂದಲೇ. ದೇಹದ ನಿಜವಾದ ಕಾವಲುಗಾರರಾದ ಕಿಣ್ವಗಳು, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಇವು ಯಾವುವೂ ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಈಗ ನೋಡಿ. ಅಕ್ಕನ ಕಿಡ್ನಿ ಸ್ವಲ್ಪ ನಿಧಾನವಾಗಿದೆ. ಯೂರಿಕ್ ಆಸಿಡ್ ಹೊರಗೆ ಹೋಗುವುದು ಕಡಿಮೆಯಾಗಿ ರಕ್ತದಲ್ಲಿ ಏರಿದೆ. ಅದರಿಂದ ‘ರಕ್ಷಣೆ ಜಾಸ್ತಿ’ ಅಂತ ರಿಪೋರ್ಟ್ ಬಂದಿದೆ. ಕಿಡ್ನಿ ತೊಂದರೆ ಒಳ್ಳೆಯ ಸುದ್ದಿಯ ವೇಷದಲ್ಲಿ ಕಾಣಿಸುತ್ತಿದೆ. ಇದು ನನಗೆ ತುಂಬಾ ಕಳವಳ ತರುವ ವಿಷಯ. ಆ ಪ್ಯಾನೆಲ್ ಪಕ್ಕಕ್ಕಿಟ್ಟು ಕ್ರಿಯಾಟಿನಿನ್ ಬಗ್ಗೆ ಅಕ್ಕನ ವೈದ್ಯರ ಹತ್ತಿರ ಮಾತಾಡಿ. ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಲ್ಲದಿದ್ದರೆ ಮಾಡಿಸಿ.

ಎಲೆಮರೆ

ಹೀಮೊಲೈಸ್ ಅಂದರೆ ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಒಡೆದಿವೆ. ಒಳಗಿದ್ದ ಹಿಮೋಗ್ಲೋಬಿನ್ ಸೀರಮ್‌ಗೆ ಬಂದಿದೆ. ಅದರ ಕಬ್ಬಿಣ ಟ್ಯೂಬಿನಲ್ಲೇ ಕೊಬ್ಬಿನ ಆಕ್ಸಿಡೀಕರಣಕ್ಕೆ ಕುಮ್ಮಕ್ಕು ಕೊಡುತ್ತದೆ. ಬಣ್ಣದ ಓದುವಿಕೆಯಲ್ಲೂ ಅಡ್ಡ ಬರುತ್ತದೆ. ಅಂಥ ಸ್ಯಾಂಪಲ್‌ನಲ್ಲಿ ಎಂಡಿಎ ಅಳೆಯಲೇಬಾರದಿತ್ತು.

ನೆಲಸಂಪಿಗೆ

ಓದುತ್ತಾ ಬಂದೆ. ಒಂದು ಮಾತು ಕೇಳಬೇಕು. ನೀವೆಲ್ಲ ಹೇಳುವ ರೀತಿ ನೋಡಿದರೆ ಈ ಇಡೀ ಕ್ಷೇತ್ರವೇ ಹುಸಿ ಅನ್ನಿಸುತ್ತದೆ. ಆದರೆ ಡಯಾಬಿಟಿಸ್, ಹೃದಯ ರೋಗ, ಅಲ್ಜೈಮರ್ಸ್, ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ, ಎಲ್ಲದರಲ್ಲೂ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಅಂತ ರಾಶಿ ರಾಶಿ ಪೇಪರುಗಳಿವೆ. ಅವೆಲ್ಲ ತಪ್ಪಾ?

ಕಾರಂಜಿ

ತಪ್ಪಲ್ಲ, ಆದರೆ ಎಲ್ಲದಕ್ಕೂ ಒಂದೇ ಬೆಲೆ ಕೊಡಲು ಆಗುವುದಿಲ್ಲ. ನಾನು ಮಾಸ್ ಸ್ಪೆಕ್ಟ್ರೋಮೆಟ್ರಿ ಕೆಲಸ ಮಾಡುವವನು. ಒಳ್ಳೆಯ ಮಾರ್ಕರ್‌ಗಳೂ ಇವೆ ಅಂತ ಹೇಳುವ ಆಸೆ ನನಗೆ.

ನನ್ನ ಮಟ್ಟಿಗೆ ಮೊದಲ ಸ್ಥಾನ ಎಫ್2-ಐಸೋಪ್ರೋಸ್ಟೇನ್‌ಗೆ. 1990ರಲ್ಲಿ ಮಾರೋ, ರಾಬರ್ಟ್ಸ್ ಮತ್ತು ಅವರ ಜೊತೆಗಾರರು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಿಂದ ಇದನ್ನು ವರದಿ ಮಾಡಿದರು. ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಸಿಡ್ ಮೇಲೆ ರಾಡಿಕಲ್ ದಾಳಿ ಮಾಡಿದಾಗ, ಕಿಣ್ವದ ನೆರವಿಲ್ಲದೆಯೇ ಪ್ರೋಸ್ಟಾಗ್ಲಾಂಡಿನ್ ಥರದ ಅಣುಗಳು ಹುಟ್ಟುತ್ತವೆ. ಅವು ಗಟ್ಟಿ, ಬೇಗ ಹಾಳಾಗುವುದಿಲ್ಲ. ರಕ್ತದಲ್ಲೂ ಮೂತ್ರದಲ್ಲೂ ಸಿಗುತ್ತವೆ. ಮೂತ್ರ ಇನ್ನೂ ಒಳ್ಳೆಯದು, ಯಾಕೆಂದರೆ ಅಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬಾಟಲಿಯಲ್ಲಿ ಹೊಸದಾಗಿ ಹುಟ್ಟುವ ಭಯವಿಲ್ಲ.

ಅಮೆರಿಕದ ಪರಿಸರ ಆರೋಗ್ಯ ಸಂಸ್ಥೆ ಎನ್‌ಐಇಎಚ್‌ಎಸ್ ‘ಬಾಸ್’ ಅನ್ನುವ ಅಧ್ಯಯನ ಮಾಡಿಸಿತು. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟರು. ಅದು ಲಿವರಿನಲ್ಲಿ ಖಚಿತವಾಗಿ ರಾಡಿಕಲ್ ಹುಟ್ಟಿಸುವ ವಿಷ. ಗಾಳಿ ಜೋರಾಗಿ ಬೀಸಿದೆ ಅಂತ ಮೊದಲೇ ಗೊತ್ತಿರುವಾಗ ಯಾವ ಎಲೆ ಸರಿಯಾಗಿ ಉದುರುತ್ತದೆ ಅಂತ ನೋಡುವ ಕೆಲಸ. 2005ರಲ್ಲಿ ಬಂದ ಫಲಿತಾಂಶದಲ್ಲಿ ಪಾಸಾದವು ಪ್ಲಾಸ್ಮಾದ ಎಂಡಿಎ, ಪ್ಲಾಸ್ಮಾ ಮತ್ತು ಮೂತ್ರದ ಐಸೋಪ್ರೋಸ್ಟೇನ್, ಮೂತ್ರದ 8-ಆಕ್ಸೋಡಿಜಿ (ಡಿಎನ್‌ಎ ಹಾನಿಯ ಗುರುತು). ಬಿಳಿ ರಕ್ತಕಣದ ಡಿಎನ್‌ಎ ತುಂಡಾಗುವುದು, ಪ್ರೋಟೀನಿನ ಮೆಥಿಯೋನಿನ್ ಆಕ್ಸಿಡೀಕರಣ, ಇವು ಪಾಸಾಗಲಿಲ್ಲ. ಎಂಡಿಎ ಅನ್ನುವ ಅಣು ಕೆಟ್ಟದ್ದಲ್ಲ ನೋಡಿ, ಅದನ್ನು ಅಳೆಯುವ ರೀತಿ ಸರಿ ಇರಬೇಕು.

ಮುಂಗಾರು

ಐಸೋಪ್ರೋಸ್ಟೇನಿಗೂ ದೋಷ ಇದೆ ಅಂತ ನಮ್ಮ ಗೈಡ್ ಹೇಳುತ್ತಿದ್ದರು. ಕಾಕ್ಸ್ (ಸೈಕ್ಲೋಆಕ್ಸಿಜಿನೇಸ್) ಕಿಣ್ವದಿಂದಲೂ ಹುಟ್ಟುತ್ತದಂತೆ?

ಕಾರಂಜಿ

ಹೌದು. ಎಲ್ಲರೂ ಅಳೆಯುವ ಐಸೋಪ್ರೋಸ್ಟೇನ್ ಆದ 8-ಐಸೋ-ಪಿಜಿಎಫ್2-ಆಲ್ಫಾವನ್ನು ಪ್ಲೇಟ್‌ಲೆಟ್‌ನಲ್ಲಿರುವ ಸೈಕ್ಲೋಆಕ್ಸಿಜಿನೇಸ್ ಕಿಣ್ವವೂ ಸ್ವಲ್ಪ ತಯಾರಿಸುತ್ತದೆ. ಆದ್ದರಿಂದ ಉರಿಯೂತ ಇರುವ ರೋಗಿಯಲ್ಲಿ ಅದು ಏರಿದರೆ ರಾಡಿಕಲ್‌ನಿಂದಲೋ ಕಿಣ್ವದಿಂದಲೋ ಅನ್ನುವ ಪ್ರಶ್ನೆ ಏಳುತ್ತದೆ. ಕಿಣ್ವದಿಂದ ಹುಟ್ಟುವ ಪಿಜಿಎಫ್2-ಆಲ್ಫಾದ ಜೊತೆ ಅದರ ಅನುಪಾತ ನೋಡಿ ಎರಡನ್ನೂ ಬಿಡಿಸುವ ದಾರಿ ಬಂದಿದೆ. ಎಲೈಸಾ ಕಿಟ್‌ನಲ್ಲಿ ಇದು ಆಗದು, ಮಾಸ್ ಸ್ಪೆಕ್ ಬೇಕು.

ಡಿಎನ್‌ಎ ಕಡೆಯ ಕಥೆ ಇನ್ನೂ ಕಲಿಸುವಂಥದ್ದು. ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಬೇಗ ಆಕ್ಸಿಡೀಕರಣಕ್ಕೆ ಸಿಗುವುದು ಗ್ವಾನಿನ್. ಅದರಿಂದ ಹುಟ್ಟುವುದು 8-ಆಕ್ಸೋಡಿಜಿ. 90ರ ದಶಕದಲ್ಲಿ ಒಂದು ಲ್ಯಾಬಿನ ಸಂಖ್ಯೆಗೂ ಇನ್ನೊಂದರ ಸಂಖ್ಯೆಗೂ ನೂರು ಪಟ್ಟು, ಕೆಲವೆಡೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇತ್ತು. ಆರೋಗ್ಯವಂತರ ಜೀವಕೋಶದ ಬಗ್ಗೆಯೇ ಮಾತು, ರೋಗಿಗಳದ್ದಲ್ಲ. ಇದನ್ನು ಬಗೆಹರಿಸಲು ಯುರೋಪಿನ ಲ್ಯಾಬುಗಳು ಸೇರಿ 1997ರಲ್ಲಿ ಎಸ್ಕಾಡ್ ಅನ್ನುವ ಗುಂಪು ಕಟ್ಟಿದವು. ಒಂದೇ ಸ್ಯಾಂಪಲ್ಲನ್ನು ಎಲ್ಲರಿಗೂ ಕಳುಹಿಸಿ ಫಲಿತಾಂಶ ಹೋಲಿಸಿದರು. ಕಂಡದ್ದು ಏನೆಂದರೆ, ಡಿಎನ್‌ಎ ಹೊರತೆಗೆಯುವಾಗ, ಒಡೆಯುವಾಗ ಗಾಳಿಯ ಆಮ್ಲಜನಕವೇ ಗ್ವಾನಿನ್ ಅನ್ನು ಆಕ್ಸಿಡೀಕರಿಸುತ್ತಿತ್ತು. ಆ ಕಳಂಕ ತೆಗೆದ ಮೇಲೆ ಹತ್ತು ಲಕ್ಷ ಗ್ವಾನಿನ್‌ಗೆ ಬೆರಳೆಣಿಕೆಯಷ್ಟೇ ಉಳಿಯಿತು. ಅದಕ್ಕೆ ಮುಂಚಿನ ಎಷ್ಟೋ ಪೇಪರುಗಳು ಲ್ಯಾಬಿನ ಗಾಳಿಯನ್ನೇ ಅಳೆದಿದ್ದವು. ತಮ್ಮ ತಪ್ಪನ್ನು ತಾವೇ ಹುಡುಕಿ ಬಹಿರಂಗವಾಗಿ ಬರೆದ ಆ ಗುಂಪಿನ ಬಗ್ಗೆ ನನಗೆ ಬಹಳ ಗೌರವ.

ನೆಲಸಂಪಿಗೆ

ಇದು ಲ್ಯಾಬಿನ ಮಾತಾಯಿತು. ರೋಗದಲ್ಲಿ ಉಪಯೋಗ ಏನು? ಮುಂದೆ ಯಾರಿಗೆ ಏನಾಗುತ್ತದೆ ಅಂತ ಹೇಳಿದ ಮಾರ್ಕರ್ ಇದೆಯಾ?

ಹೊಂಗಿರಣ

ಇದೆ. ಡೆನ್ಮಾರ್ಕಿನಲ್ಲಿ ಹೊಸದಾಗಿ ಟೈಪ್ 2 ಡಯಾಬಿಟಿಸ್ ಗುರುತಿಸಿದವರ ಮೂತ್ರ ತೆಗೆದಿಟ್ಟು, ವರ್ಷಗಟ್ಟಲೆ ಅವರನ್ನು ಗಮನಿಸಿದರು. 2011ರಲ್ಲಿ ಫಲಿತಾಂಶ ಬಂತು. ಆರ್‌ಎನ್‌ಎ ಆಕ್ಸಿಡೀಕರಣದ ಮಾರ್ಕರ್ 8-ಆಕ್ಸೋಗುವೋ ಜಾಸ್ತಿ ಇದ್ದವರಲ್ಲಿ ಸಾವಿನ ಅಪಾಯ ಜಾಸ್ತಿ ಇತ್ತು. ಡಿಎನ್‌ಎಯ ಮಾರ್ಕರ್ 8-ಆಕ್ಸೋಡಿಜಿ ಹಾಗೆ ಹೇಳಲಿಲ್ಲ. ಎರಡೂ ಆಕ್ಸಿಡೇಟಿವ್ ಸ್ಟ್ರೆಸ್ ಮಾರ್ಕರ್‌ಗಳೇ, ಒಂದೇ ಮೂತ್ರದಲ್ಲಿ ಅಳೆದವೇ. ಆದರೂ ಹೇಳಿದ ಮಾತು ಬೇರೆ. ‘ಸ್ಟ್ರೆಸ್ ಎಷ್ಟು’ ಅನ್ನುವುದಕ್ಕಿಂತ ‘ಯಾವ ಅಣುವಿಗೆ, ಎಲ್ಲಿ ಪೆಟ್ಟು ಬಿತ್ತು’ ಅನ್ನುವುದೇ ಸರಿಯಾದ ಪ್ರಶ್ನೆ ಅಂತ ನಾನು ಹೇಳುವುದು ಇದಕ್ಕೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 2,800ಕ್ಕೂ ಹೆಚ್ಚು ಜನರ ಮೂತ್ರದಲ್ಲಿ ಐಸೋಪ್ರೋಸ್ಟೇನ್ ಅಳೆದದ್ದು 2003ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವವರು, ಡಯಾಬಿಟಿಸ್ ಇರುವವರು, ತೂಕ ಜಾಸ್ತಿ ಇರುವವರು, ಮೂರೂ ಗುಂಪಿನಲ್ಲಿ ಅದು ಏರಿತ್ತು. ಸಿಗರೇಟಿನ ವಿಷಯದಲ್ಲಂತೂ ಸಂಶಯವಿಲ್ಲ. ಬಿಟ್ಟ ಮೇಲೆ ಐಸೋಪ್ರೋಸ್ಟೇನ್ ಇಳಿದದ್ದೂ ದಾಖಲಾಗಿದೆ.

ಎಲೆಮರೆ

ಹೊಂಗಿರಣ ಅವರ ಮಾತಿಗೆ ಒಂದು ಸೇರಿಸುತ್ತೇನೆ, ಇದು ನನ್ನನ್ನು ಬಹಳ ಕಾಡಿದ್ದು. ಅಮೆರಿಕದ ಇನ್ಸುಲಿನ್ ರೆಸಿಸ್ಟೆನ್ಸ್ ಅಥೆರೋಸ್ಕ್ಲೆರೋಸಿಸ್ ಅಧ್ಯಯನದಲ್ಲಿ, ಡಯಾಬಿಟಿಸ್ ಇನ್ನೂ ಬಾರದವರ ಮೂತ್ರದ ಐಸೋಪ್ರೋಸ್ಟೇನ್ ನೋಡಿದರು. ಅದು ಜಾಸ್ತಿ ಇದ್ದವರಲ್ಲಿ ಮುಂದೆ ಡಯಾಬಿಟಿಸ್ ಬರುವ ಅಪಾಯ ಕಡಿಮೆ ಇತ್ತು! ಅವರು ಕೊಟ್ಟ ವಿವರಣೆ, ಮೈಟೋಕಾಂಡ್ರಿಯ ಚುರುಕಾಗಿ ಕೊಬ್ಬು ಸುಡುತ್ತಿರುವುದರ ಗುರುತು ಅದಾಗಿರಬಹುದು ಅಂತ. ಅಂದರೆ ರೋಗ ಬಂದವರಲ್ಲಿ ಮಾರ್ಕರ್ ಏರಿದೆ ಅನ್ನುವುದರಿಂದ, ಮಾರ್ಕರ್ ಏರಿದ್ದೇ ರೋಗಕ್ಕೆ ಕಾರಣ ಅನ್ನಲು ಆಗುವುದಿಲ್ಲ. ರೋಗ ಮೊದಲೋ ಆಕ್ಸಿಡೀಕರಣ ಮೊದಲೋ ಅನ್ನುವುದನ್ನು ಕಾಲದಲ್ಲಿ ಹಿಂದೆ ಹೋಗಿ ನೋಡಬೇಕು.

ಇನ್ನೊಂದು ಅಭ್ಯಾಸ ಬಿಡಬೇಕು ಅಂತ ನನ್ನ ಕಳಕಳಿಯ ಮನವಿ. ರೋಗಿಗಳಲ್ಲಿ ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್) ಕಿಣ್ವ ಏರಿದ್ದರೆ ‘ಸ್ಟ್ರೆಸ್‌ಗೆ ಪ್ರತಿಯಾಗಿ ಏರಿದೆ’ ಅಂತ ಬರೆಯುತ್ತಾರೆ. ಇಳಿದಿದ್ದರೆ ‘ಸ್ಟ್ರೆಸ್‌ನಲ್ಲಿ ಖರ್ಚಾಗಿದೆ’ ಅಂತ ಬರೆಯುತ್ತಾರೆ. ಏರಿದರೂ ಇಳಿದರೂ ಒಂದೇ ತೀರ್ಮಾನ ಆದರೆ ಅಳೆದು ಏನು ಬಂತು? ಏನಾಗಬಹುದು ಅಂತ ಅಳೆಯುವ ಮುಂಚೆ ಬರೆದಿಡಬೇಕು.

ಮುಂಗಾರು

ಎಲೆಮರೆ ಸರ್, ಆ ಮಾತು ನನಗೆ ತಟ್ಟಿತು. ನನ್ನ ಸಿನಾಪ್ಸಿಸ್‌ನಲ್ಲಿ ಹಾಗೇ ಬರೆದಿದ್ದೇನೆ. ತಿದ್ದುತ್ತೇನೆ.

ಜೀವಕೋಶದೊಳಗಿನ ಆಂಟಿಆಕ್ಸಿಡೆಂಟ್ ಗ್ಲುಟಾಥಿಯೋನ್ ಬಗ್ಗೆ ಏನು ಹೇಳುತ್ತೀರಿ? ಅದರ ಮೂಲ ರೂಪ ಜಿಎಸ್‌ಎಚ್ ಮತ್ತು ಆಕ್ಸಿಡೀಕರಣಗೊಂಡ ರೂಪ ಜಿಎಸ್‌ಎಸ್‌ಜಿ ಅನುಪಾತ ಒಳ್ಳೆಯ ಅಳತೆ ಅಂತ ಎಲ್ಲ ಕಡೆ ಇದೆ.

ಎಲೆಮರೆ

ಅಳತೆ ಒಳ್ಳೆಯದು, ಕೈ ತಪ್ಪುವುದು ಸುಲಭ. ಗ್ಲುಟಾಥಿಯೋನ್‌ನಲ್ಲಿ ಆಕ್ಸಿಡೀಕರಣಗೊಂಡ ರೂಪ ಜಿಎಸ್‌ಎಸ್‌ಜಿ ತೀರಾ ಕಡಿಮೆ. ರಕ್ತಕ್ಕೆ ಆಮ್ಲ ಹಾಕಿ ಪ್ರೋಟೀನು ಬೀಳಿಸುವ ಆ ಒಂದೆರಡು ನಿಮಿಷದಲ್ಲಿ ಜಿಎಸ್‌ಎಚ್‌ನ ನೂರರಲ್ಲಿ ಒಂದೆರಡು ಪಾಲು ತಾನಾಗಿ ಜಿಎಸ್‌ಎಸ್‌ಜಿ ಆಗುತ್ತದೆ. ಆ ಒಂದೆರಡು ಪಾಲೇ ನಿಜವಾದ ಜಿಎಸ್‌ಎಸ್‌ಜಿಗಿಂತ ಎಷ್ಟೋ ಜಾಸ್ತಿ. ಪೂರ್ತಿ ಅನುಪಾತ ಬುಡಮೇಲು. ಉಪಾಯ ಒಂದೇ. ರಕ್ತ ಟ್ಯೂಬಿಗೆ ಬಿದ್ದ ಕೂಡಲೇ ಎನ್-ಈಥೈಲ್‌ಮಲೀಮೈಡ್ ಸೇರಿಸಿ ಜಿಎಸ್‌ಎಚ್‌ನ ಥಯೋಲ್ (ಆಕ್ಸಿಡೀಕರಣಕ್ಕೆ ಸಿಗುವ ಗಂಧಕದ ತುದಿ) ಕಟ್ಟಿಹಾಕಬೇಕು. ಕೂಡಲೇ ಅಂದರೆ ರೋಗಿಯ ಪಕ್ಕದಲ್ಲೇ, ಲ್ಯಾಬಿಗೆ ತಂದ ಮೇಲೆ ಅಲ್ಲ.

ಪ್ಲಾಸ್ಮಾದಲ್ಲಿ ಅಳೆಯುವುದಾದರೆ ಹೀಮೊಲೈಸಿಸ್ ಮತ್ತೆ ಶತ್ರು. ಕೆಂಪು ಕಣದೊಳಗೆ ಗ್ಲುಟಾಥಿಯೋನ್ ಪ್ಲಾಸ್ಮಾಗಿಂತ ನೂರಾರು ಪಟ್ಟು ಜಾಸ್ತಿ ಇರುತ್ತದೆ. ಕಣ್ಣಿಗೆ ಕಾಣದಷ್ಟು ಕಣ ಒಡೆದರೂ ಸಾಕು, ಸಂಖ್ಯೆ ಕೆಟ್ಟಿತು.

ಕಾರಂಜಿ

ಪ್ರೋಟೀನಿನ ಕಡೆ ಒಂದು ಅಣು ನನಗೆ ತುಂಬಾ ಇಷ್ಟ, 3-ಕ್ಲೋರೋಟೈರೋಸಿನ್. ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿರುವ ಮೈಲೋಪರಾಕ್ಸಿಡೇಸ್ ಕಿಣ್ವ ಹೈಪೋಕ್ಲೋರಸ್ ಆಸಿಡ್ ತಯಾರಿಸುತ್ತದೆ, ಕೀಟಾಣು ಕೊಲ್ಲಲು. ಅದು ಪ್ರೋಟೀನಿನ ಟೈರೋಸಿನ್ ಅನ್ನುವ ಅಮೈನೋ ಆಸಿಡ್‌ಗೆ ತಗುಲಿದರೆ ಕ್ಲೋರಿನ್ ಅಂಟಿಕೊಳ್ಳುತ್ತದೆ. ದೇಹದಲ್ಲಿ ಆ ಕೆಲಸ ಬೇರೆ ಯಾವುದೂ ಹಾಗೆ ಮಾಡುವುದಿಲ್ಲ. ಆದ್ದರಿಂದ ಆ ಗುರುತು ಕಂಡರೆ ದಾಳಿ ಎಲ್ಲಿಂದ ಬಂತು ಅಂತಲೇ ಗೊತ್ತಾಗುತ್ತದೆ. ಪ್ರೋಟೀನ್ ಕಾರ್ಬೊನಿಲ್ ಅನ್ನುವ ಇನ್ನೊಂದು ಮಾರ್ಕರ್ ಅಷ್ಟು ಹೇಳುವುದಿಲ್ಲ, ಪೆಟ್ಟು ಬಿದ್ದಿದೆ ಅನ್ನುತ್ತದೆ ಅಷ್ಟೇ.

ಅಲ್ಲಾಂಟೊಯಿನ್ ಕೂಡ ಹಾಗೆ. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕ್ ಆಸಿಡ್ ಅನ್ನು ಅಲ್ಲಾಂಟೊಯಿನ್ ಕಡೆಗೆ ಒಯ್ಯುವ ಯೂರಿಕೇಸ್ ಕಿಣ್ವ ಇದೆ. ಮನುಷ್ಯರಲ್ಲಿ ಅದು ಕೆಲಸ ಮಾಡುವುದಿಲ್ಲ. ನಮ್ಮ ದೇಹದಲ್ಲಿ ಅಲ್ಲಾಂಟೊಯಿನ್ ಹುಟ್ಟಿದರೆ ಬಹುಪಾಲು ರಾಡಿಕಲ್‌ಗಳ ಕೈವಾಡ. ಹಾಗಾಗಿ ಯೂರಿಕ್ ಆಸಿಡ್‌ಗೆ ಅದರ ಅನುಪಾತ ನೋಡುವುದು ಚಂದದ ಆಲೋಚನೆ.

ತಂಗಾಳಿ

ಎಲ್ಲವೂ ಅರ್ಥ ಆಯಿತು ಅನ್ನಲಾರೆ, ಆದರೆ ಎಲೆ ಗುಡಿಸುವ ಮಾತು ಅಕ್ಕನಿಗೂ ಹೇಳಿದೆ, ಅವಳಿಗೆ ಹಿಡಿಸಿತು. ಈಗ ಅವಳ ಪ್ರಶ್ನೆಗೆ ಉತ್ತರ ಬೇಕು. ವಿಟಮಿನ್ ಇ ತೆಗೆದುಕೊಂಡರೆ ತಪ್ಪೇನು? ಲಾಭ ಆಗದಿದ್ದರೂ ನಷ್ಟ ಇಲ್ಲವಲ್ಲ ಅನ್ನುತ್ತಾಳೆ.

ಹೊಂಗಿರಣ

ನಷ್ಟ ಇಲ್ಲ ಅಂತ ಹೇಳುವ ಹಾಗಿಲ್ಲ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ವಿಟಮಿನ್ ಇ ಥರವೇ ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಆಗಿತ್ತು. ಕಡಿಮೆ ಅಲ್ಲ, ಜಾಸ್ತಿ. ಸೆಲೆಕ್ಟ್ ಅನ್ನುವ ಪ್ರಯೋಗದಲ್ಲಿ 35,000ಕ್ಕೂ ಹೆಚ್ಚು ಗಂಡಸರಿದ್ದರು. ದಿನಕ್ಕೆ 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಇತ್ತು, 2011ರ ವರದಿ.

ಅಕ್ಕನಿಗೆ ಹತ್ತಿರವಾದದ್ದು ಹೋಪ್ ಪ್ರಯೋಗ. ಹೃದಯದ ಅಪಾಯ ಜಾಸ್ತಿ ಇದ್ದ 9,500ಕ್ಕೂ ಹೆಚ್ಚು ಜನ, ಅವರಲ್ಲಿ ಬಹಳ ಮಂದಿಗೆ ಡಯಾಬಿಟಿಸ್. ವಿಟಮಿನ್ ಇಯಿಂದ ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದೂ ಕಡಿಮೆ ಆಗಲಿಲ್ಲ. ಅವರನ್ನೇ ಮುಂದುವರಿಸಿ ನೋಡಿದಾಗ 2005ರಲ್ಲಿ ಕಂಡದ್ದು, ಹಾರ್ಟ್ ಫೇಲ್ಯೂರ್ ಸ್ವಲ್ಪ ಜಾಸ್ತಿ.

ನೆಲಸಂಪಿಗೆ

ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಆ ಪ್ರಯೋಗಗಳಲ್ಲಿ ಯಾರಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಇದೆ ಅಂತ ಮೊದಲು ಅಳೆದು ಆರಿಸಿದರಾ? ಇಲ್ಲ. ಜ್ವರ ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಜ್ವರದ ಮಾತ್ರೆ ಕೊಟ್ಟು, ಉಪಯೋಗ ಇಲ್ಲ ಅಂದ ಹಾಗಾಯಿತು. ಔಷಧ ನಾಟಿತಾ ಅಂತಲೂ ನೋಡಲಿಲ್ಲ.

ಕಾರಂಜಿ

ನೆಲಸಂಪಿಗೆ ಅವರ ಮಾತಿನಲ್ಲಿ ಸತ್ಯ ಇದೆ. ರಾಬರ್ಟ್ಸ್ ಅವರ ತಂಡವೇ 2007ರಲ್ಲಿ ಇದನ್ನು ಪರೀಕ್ಷಿಸಿತು. ಕೊಲೆಸ್ಟರಾಲ್ ಜಾಸ್ತಿ ಇದ್ದವರಿಗೆ ಬೇರೆ ಬೇರೆ ಪ್ರಮಾಣದಲ್ಲಿ ವಿಟಮಿನ್ ಇ ಕೊಟ್ಟು ಐಸೋಪ್ರೋಸ್ಟೇನ್ ಅಳೆದರು. ಸರಿಯಾಗಿ ಇಳಿದದ್ದು ದಿನಕ್ಕೆ 1,600 ಯೂನಿಟ್ ಮತ್ತು ಅದಕ್ಕಿಂತ ಮೇಲೆ. ಅದೂ 16 ವಾರ ಹಿಡಿಯಿತು. ದೊಡ್ಡ ಪ್ರಯೋಗಗಳಲ್ಲಿ ಕೊಟ್ಟದ್ದು 400 ಯೂನಿಟ್. ಆಂಟಿಆಕ್ಸಿಡೆಂಟ್ ಅಂತ ಕೊಟ್ಟದ್ದು ಆಂಟಿಆಕ್ಸಿಡೆಂಟ್ ಕೆಲಸ ಮಾಡಿತೋ ಇಲ್ಲವೋ ನೋಡದೆ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಒಳ್ಳೆಯ ಬಯೋಮಾರ್ಕರ್ ಬೇಕು ಅಂತ ನಾನು ಇಷ್ಟು ಒದ್ದಾಡುವುದು ಇದಕ್ಕೇ.

ಹೊಂಗಿರಣ

ಒಪ್ಪುತ್ತೇನೆ. ಆದರೆ ಇದರಿಂದ 1,600 ಯೂನಿಟ್ ನುಂಗಿ ಅನ್ನುವ ಅರ್ಥ ಯಾರೂ ತೆಗೆಯಬೇಡಿ. ಅಷ್ಟು ಪ್ರಮಾಣದಲ್ಲಿ ರಕ್ತಸ್ರಾವದ ಅಪಾಯ ಇದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ.

ಆಕ್ಸಿಡೀಕರಣ ಮಾಡುವ ವಸ್ತುಗಳೆಲ್ಲ ಶತ್ರುಗಳಲ್ಲ ಅನ್ನುವುದೂ ನೆನಪಿರಲಿ. ಹೈಡ್ರೋಜನ್ ಪೆರಾಕ್ಸೈಡ್ ತೀರಾ ಕಡಿಮೆ ಪ್ರಮಾಣದಲ್ಲಿ ಜೀವಕೋಶಕ್ಕೆ ಸಂದೇಶ ಒಯ್ಯುವ ಅಣು. 2009ರಲ್ಲಿ ಜರ್ಮನಿಯ ಒಂದು ಅಧ್ಯಯನದಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದವರ ಇನ್ಸುಲಿನ್ ಸ್ಪಂದನೆ ಸುಧಾರಿಸಿತು. ಜೊತೆಗೆ ವಿಟಮಿನ್ ಸಿ ಮತ್ತು ಇ ತೆಗೆದುಕೊಂಡವರಲ್ಲಿ ಆ ಲಾಭ ಸಿಗಲಿಲ್ಲ. ಡಯಾಬಿಟಿಸ್ ಇರುವ ಅಕ್ಕನಿಗೆ ಇದನ್ನು ತಪ್ಪದೆ ಹೇಳಿ. ದಿನಾ ನಡೆಯುತ್ತಿದ್ದರೆ ಮುಂದುವರಿಸಲಿ.

ತಂಗಾಳಿ

ಹೇಳಿದೆ. ಮಾತ್ರೆ ಬೇಡ ಅಂತ ಅವಳೇ ತೀರ್ಮಾನ ಮಾಡಿದಳು. ನಿನ್ನೆ ವೈದ್ಯರ ಹತ್ತಿರ ಹೋಗಿದ್ದೆವು. ಮೂತ್ರದ ಆಲ್ಬುಮಿನ್ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಬಿಪಿ ಮಾತ್ರೆ ಬದಲಾಯಿಸಿದ್ದಾರೆ. ಲ್ಯಾಬಿಗೂ ಫೋನ್ ಮಾಡಿ ಎಂಡಿಎ ಯಾವ ವಿಧಾನ ಅಂತ ಕೇಳಿದೆ. ಟಿಬಾರ್ಸ್ ಅಂದರು. ಹೀಮೊಲೈಸ್ ಆದ ಸ್ಯಾಂಪಲ್‌ನಲ್ಲಿ ಯಾಕೆ ಮಾಡಿದಿರಿ ಅಂದದ್ದಕ್ಕೆ ಉತ್ತರ ಬರಲಿಲ್ಲ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ. ಅಕ್ಕ ನಿದ್ದೆ ಮಾಡುತ್ತಿದ್ದಾಳೆ.

ಮುಂಗಾರು

ತಂಗಾಳಿ ಅವರೇ, ಕೇಳಿ ಸಂತೋಷ ಆಯಿತು. ಕೊನೆಗೆ ನನ್ನದೊಂದು. ನಮ್ಮ ಹಳೆಯ ಅಧ್ಯಯನದ ಪ್ಲಾಸ್ಮಾ ಮತ್ತು ಮೂತ್ರದ ಟ್ಯೂಬುಗಳು ಮೈನಸ್ 20ರಲ್ಲಿ ಎರಡು ವರ್ಷದಿಂದ ಇವೆ. ಐಸೋಪ್ರೋಸ್ಟೇನ್ ಮತ್ತು 8-ಆಕ್ಸೋಡಿಜಿ ನೋಡಬಹುದಾ?

ಎಲೆಮರೆ

ಐಸೋಪ್ರೋಸ್ಟೇನ್‌ಗೆ ಪ್ಲಾಸ್ಮಾ ಮುಟ್ಟಬೇಡಿ. ಮೈನಸ್ 20ರಲ್ಲಿ ಅರಾಕಿಡೋನಿಕ್ ಆಸಿಡ್ ನಿಧಾನವಾಗಿ ಆಕ್ಸಿಡೀಕರಣ ಆಗುತ್ತಲೇ ಇರುತ್ತದೆ. ನಿಮಗೆ ಸಿಗುವುದು ಫ್ರೀಜರಿನ ಎರಡು ವರ್ಷದ ಲೆಕ್ಕ. ಮೈನಸ್ 80 ಆಗಬೇಕಿತ್ತು, ಬಿಎಚ್‌ಟಿಯೂ ಇರಬೇಕಿತ್ತು.

ಮೂತ್ರದ ಟ್ಯೂಬುಗಳು ಉಪಯೋಗಕ್ಕೆ ಬರುತ್ತವೆ, ಎಸೆಯಬೇಡಿ. ಕರಗಿಸುವಾಗ ಒಂದು ಎಚ್ಚರ. ತಣ್ಣಗಿರುವ ಮೂತ್ರದ ತಳದಲ್ಲಿ ಯೂರೇಟ್ ಮಡ್ಡಿ ಕಟ್ಟಿರುತ್ತದೆ, 8-ಆಕ್ಸೋಡಿಜಿ ಅದಕ್ಕೆ ಅಂಟಿಕೊಂಡಿರುತ್ತದೆ. ಮೇಲಿನ ತಿಳಿ ತೆಗೆದು ಅಳೆದರೆ ಕಡಿಮೆ ಬರುತ್ತದೆ. 37 ಡಿಗ್ರಿಗೆ ಬೆಚ್ಚಗೆ ಮಾಡಿ, ಮಡ್ಡಿ ಕರಗುವ ತನಕ ಅಲ್ಲಾಡಿಸಿ, ಆಮೇಲೆ ಪಿಪೆಟ್ ಹಾಕಿ. ಮೂತ್ರ ಎಷ್ಟು ನೀರಾಗಿದೆ ಅನ್ನುವುದನ್ನು ಸರಿದೂಗಿಸಲು ಮಾರ್ಕರನ್ನು ಕ್ರಿಯಾಟಿನಿನ್‌ನಿಂದ ಭಾಗಿಸುತ್ತೇವಲ್ಲ, ಆ ಕ್ರಿಯಾಟಿನಿನ್ ಅದೇ ಟ್ಯೂಬಿನಿಂದ ತೆಗೆಯಿರಿ. ವಯಸ್ಸಾದ, ಮೈಕೈ ಕರಗಿದ ರೋಗಿಗಳಲ್ಲಿ ಕ್ರಿಯಾಟಿನಿನ್ ಕಡಿಮೆ ಇರುತ್ತದೆ. ಅದರಿಂದ ಭಾಗಿಸಿದಾಗ ಮಾರ್ಕರ್ ಸುಮ್ನೆ ಜಾಸ್ತಿ ಕಾಣುತ್ತದೆ. ಆ ಗುಂಪನ್ನು ಬೇರೆಯಾಗಿಯೂ ಒಮ್ಮೆ ಲೆಕ್ಕ ಹಾಕಿ ನೋಡಿ. ಮೊದಲ ಹತ್ತು ಟ್ಯೂಬಿನ ಸಂಖ್ಯೆ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.